ಅಪ್‌ಡೇಟ್: ಅಪ್ಪನ ಆಪರೇಷನ್ ಮುಗಿಯಿತು, ರಕ್ತ ಕೊಡಬೇಕಾಗಲಿಲ್ಲ

ಅಪ್ಪನ ಸೊಂಟದ ಕೀಲು ಬದಲಿಸಲು ಎಷ್ಟು ರಕ್ತ ಬೇಕಾಗಬಹುದು, ಮೊದಲೇ ಹೇಗೆ ಅಂದಾಜು ಮಾಡುತ್ತಾರೆ ಎಂದು ಕೇಳಿದ್ದೆ. ಅರಿವಳಿಕೆ ಡಾಕ್ಟರೇ ಲೆಕ್ಕ ಹಾಕಿ ತೋರಿಸಿದರು. ದೊಡ್ಡವರ ಮೈಯಲ್ಲಿ ಕಿಲೋಗೆ ಸುಮಾರು 70 ಮಿ.ಲೀ. ರಕ್ತ. ಅಪ್ಪ 60 ಕಿಲೋ, ಅಂದರೆ 4,200 ಮಿ.ಲೀ. ಹಿಮೋಗ್ಲೋಬಿನ್ 12ರಿಂದ, ರಕ್ತ ಕೊಡುವ ಯೋಚನೆ ಮಾಡುವ ಮಟ್ಟವಾದ 8ಕ್ಕೆ ಇಳಿಯಲು ಸುಮಾರು 1,400 ಮಿ.ಲೀ. ಹೋಗಬೇಕು. ಶುರುವಿಗೇ 10 ಇದ್ದಿದ್ದರೆ ಬರೀ 840! ತಿಂಗಳ ಮೊದಲೇ ಕಬ್ಬಿಣದ ಮಾತ್ರೆ ಕೊಟ್ಟಿದ್ದು ಅದಕ್ಕೇ. ನಾನು ಸುಮ್ನೆ ಶಕ್ತಿಗೆ ಅಂದುಕೊಂಡಿದ್ದೆ.

ಹೆಪ್ಪುಗಟ್ಟಿದ ರಕ್ತ ಬೇಗ ಕರಗದಂತೆ ಟ್ರಾನೆಕ್ಸಾಮಿಕ್ ಆಸಿಡ್ ಕೂಡ ಕೊಟ್ಟರು. ಹೋದದ್ದು ಸುಮಾರು 500 ಮಿ.ಲೀ. ಆದರೂ ಮೂರನೇ ದಿನ ಹಿಮೋಗ್ಲೋಬಿನ್ 9.6. ಗಾಬರಿಯಾಯಿತು. ಕಣ್ಣಿಗೆ ಕಾಣದೆ ಒಳಗೇ ಸೋರಿದ್ದೂ ಇರುತ್ತದಂತೆ. ಕಾದಿರಿಸಿದ್ದ ಎರಡು ಯೂನಿಟ್ ಮುಟ್ಟಲೇ ಇಲ್ಲ. ಅಪ್ಪ ಈಗ ವಾಕರ್ ಹಿಡಿದು ನಡೆಯುತ್ತಿದ್ದಾರೆ.