ಪಾಟಿ ಯಾವುದು ತಗೊಳ್ಳಲಿ ಡಾಕ್ಟ್ರೇ?

ಪ್ರಶ್ನೆ (ಬೆಂಗಳೂರು, ಮಗನಿಗೆ 2 ವರ್ಷ 3 ತಿಂಗಳು): ಮಗ ಕೂತು ಉಚ್ಚೆ, ಕಕ್ಕ ಮಾಡಲಿ ಅಂತ ಆನ್‌ಲೈನ್‌ನಲ್ಲಿ ಬಾತುಕೋಳಿ ಆಕಾರದ ಪಾಟಿ ತರಿಸಿದ್ದೆ. ಒಳಗೆ ಉಚ್ಚೆ ಬಿದ್ದ ಕೂಡಲೇ ಹಾಡು ಬರುತ್ತದೆ. ಮೊದಲ ಸಲ ಹಾಡು ಬಂದದ್ದೇ ತಡ, ಇವನು ಕಿಟಾರನೆ ಕಿರುಚಿ ಚಡ್ಡಿ ಇಲ್ಲದೆ ಹಾಲ್‌ಗೆ ಓಡಿದ. ಆಮೇಲೆ ಕೂತೇ ಇಲ್ಲ. ಈಗ ಅದರೊಳಗೆ ಅವನ ಆಟದ ಕಾರುಗಳು ಪಾರ್ಕ್ ಆಗಿವೆ. ಕಕ್ಕ ಬಂದರೆ ಕರ್ಟನ್ ಹಿಂದೆ ಹೋಗಿ ನಿಂತುಕೊಂಡು ಡೈಪರ್‌ನಲ್ಲೇ ಮುಗಿಸುತ್ತಾನೆ. ಅತ್ತೆಯಂತೂ "ನಿನ್ನ ಗಂಡನಿಗೆ ವರ್ಷ ತುಂಬೋ ಮೊದಲೇ ಕಲಿಸಿದ್ದೆ" ಅಂತ ದಿನಾ ಹೇಳುತ್ತಾರೆ. ಜೂನ್‌ಗೆ ಪ್ಲೇಸ್ಕೂಲ್ ಬೇರೆ. ಹೊಸ ಪಾಟಿ ತಗೊಳ್ಳಲಾ, ಕಮೋಡ್ ಮೇಲೆ ಇಡುವ ಚಿಕ್ಕ ಸೀಟು ಸಾಕಾ?

ಉತ್ತರ (ಮಕ್ಕಳ ವೈದ್ಯೆ): ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ ಪಾಟಿ ಅಂದರೆ ಸ್ಲೇಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ "ಪಾಟಿ ಮೇಲೆ ಕೂರೋದೇ ಇಲ್ಲ ಮೇಡಂ" ಎಂದಾಗ, ಸ್ಲೇಟಿನ ಮೇಲೆ ಯಾಕೆ ಕೂರಬೇಕು ಅಂತ ತಬ್ಬಿಬ್ಬಾಗಿದ್ದೆ. ಇರಲಿ.

ಕರ್ಟನ್ ಹಿಂದೆ ಹೋಗುತ್ತಾನೆ ಅಂದಿರಲ್ಲ, ಅದು ಒಳ್ಳೆ ಸುದ್ದಿ. ಬರುತ್ತಿದೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತಿದೆ, ಜಾಗ ಹುಡುಕಿಕೊಳ್ಳುವಷ್ಟು ಹೊತ್ತು ತಡೆಯಲೂ ಬರುತ್ತಿದೆ. ಹಗಲು ಎರಡು ಗಂಟೆ ಡೈಪರ್ ಒಣಗಿರುತ್ತದಾ, ಚಡ್ಡಿ ತಾನೇ ಕೆಳಗೆಳೆಯುತ್ತಾನಾ, "ಚೆಂಡು ತಗೊಂಡು ಬಾ" ಅಂದರೆ ತರುತ್ತಾನಾ ನೋಡಿ. ಇವೂ ಇದ್ದರೆ ಶುರು ಮಾಡಬಹುದು.

ಇನ್ನು ಪಾಟಿ. ಬಣ್ಣ, ಹಾಡು, ಬಾತುಕೋಳಿ, ಇವೆಲ್ಲ ನಮ್ಮನ್ನು ಮರುಳು ಮಾಡೋಕೆ ಇರುವುದು. ನಾನು ನೋಡುವುದು ಒಂದೇ: ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವಾ? ಕಾಲು ಜೋತಾಡುತ್ತಿದ್ದರೆ ಮುಕ್ಕೋಕೆ ಆಗುವುದಿಲ್ಲ, ಬೀಳುವ ಭಯಕ್ಕೆ ಮೈಯೆಲ್ಲ ಬಿಗಿ ಹಿಡಿಯುತ್ತಾರೆ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿದ್ದರೆ ಮಲ ಬರುವ ದಾರಿ ನೇರವಾಗುತ್ತದೆ. ಕುಕ್ಕರಗಾಲಲ್ಲಿ ಕೂತರೆ ಸಲೀಸು ಅನ್ನುವುದು ಇದಕ್ಕೇ. ಹಾಗಾಗಿ ಮಗನನ್ನು ನಿಲ್ಲಿಸಿ, ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಒಂದು ದಾರ ಹಿಡಿದು ಅಳೆಯಿರಿ. ಪಾಟಿ ಅದಕ್ಕಿಂತ ಒಂಚೂರು ಕುಳ್ಳಗಿರಬೇಕು. ಬುಡ ಅಗಲ ಇರಲಿ, ಎದ್ದಾಗ ಅಂಡಿಗೆ ಅಂಟಿಕೊಂಡು ಬರಬಾರದು. ಒಳಗಿನ ಬಟ್ಟಲು ಬಿಡಿಯಾಗಿ ತೆಗೆಯುವಂತಿದ್ದರೆ ತೊಳೆಯುವವರಿಗೆ ಪುಣ್ಯ. ಹುಡುಗರಿಗೆ ಅಂತ ಮುಂದೆ ಎತ್ತರದ ತಡೆ ಇಟ್ಟಿರುತ್ತಾರೆ. ಕೂರುವಾಗ ಒಮ್ಮೆ ಅದು ತಗುಲಿ ನೋವಾಯಿತೋ, ಮತ್ತೆ ಹತ್ತಿರ ಬರುವುದಿಲ್ಲ. ತಡೆ ಗಿಡ್ಡ ಇರಲಿ, ಬದಿ ನುಣುಪಾಗಿರಲಿ.

ಕಮೋಡ್ ಸೀಟೂ ಆಗುತ್ತದೆ, ಆದರೆ ಕಾಲ ಕೆಳಗೆ ಅಲ್ಲಾಡದ ಸ್ಟೂಲ್ ಬೇಕೇ ಬೇಕು. ಈ ವಯಸ್ಸಿಗೆ ನನ್ನ ಓಟು ನೆಲದ ಪಾಟಿಗೆ. ಅವನೇ ಓಡಿಹೋಗಿ ಕೂರಬಹುದು, ಅಮ್ಮ ಎತ್ತಬೇಕಾಗಿಲ್ಲ.

ಅತ್ತೆ ಸುಳ್ಳು ಹೇಳುತ್ತಿಲ್ಲ. ಕಾಲು ಚಾಚಿ ಕೂತು, ಪಾದಗಳ ಮೇಲೆ ಮಗುವನ್ನು ಕೂರಿಸಿ "ಸ್ಸ್ಸ್" ಅನ್ನುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆ ಪಾಟಿ ಇವತ್ತಿಗೂ ಅಂಗಡಿಯಲ್ಲಿಲ್ಲ. ಬೆನ್ನಿಗೆ ಆಸರೆ, ಮೊಣಕಾಲು ಮೇಲೆ, ಕಣ್ಣೆದುರು ಅಮ್ಮ. ಆದರೆ ಆ ವಯಸ್ಸಿನಲ್ಲಿ ವೇಳೆ ಹಿಡಿಯಲು ಕಲಿತದ್ದು ಅತ್ತೆ, ಮಗು ಅಲ್ಲ. (ಇದನ್ನು ಅವರಿಗೆ ಓದಿ ಹೇಳಬೇಡಿ.) ಆ ವೇಳೆ ಹಿಡಿಯುವ ಜಾಣತನ ಮಾತ್ರ ಅವರಿಂದ ಕಲಿಯಿರಿ. ತಿಂಡಿ ತಿಂದ ಮೇಲೆ ಕರುಳು ತಾನಾಗೇ ಚುರುಕಾಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಕೂರಿಸಿ, ಐದು ನಿಮಿಷ ಸಾಕು. ಬರಲಿಲ್ಲವಾ, ಎಬ್ಬಿಸಿ. ಫೋನ್ ಕೊಟ್ಟು ಅರ್ಧ ಗಂಟೆ ಕೂರಿಸಬೇಡಿ.

ಇನ್ನೊಬ್ಬರು (ಶಿವಮೊಗ್ಗ, ಮಗಳಿಗೆ ಎರಡೂವರೆ): ನಮ್ಮದು ಇಂಡಿಯನ್ ಟಾಯ್ಲೆಟ್. ಗುಂಡಿ ನೋಡಿದರೆ ಅಳುತ್ತಾಳೆ. ಈಗೀಗ ಮೂರು ದಿನಕ್ಕೊಮ್ಮೆ, ಅದೂ ಗಟ್ಟಿ, ಕಾಲು ಹೆಣೆದುಕೊಂಡು ತಡೆಯುತ್ತಾಳೆ.

ಉತ್ತರ: ನಿಮ್ಮದು ಪಾಟಿ ವಿಷಯ ಅಲ್ಲ, ಮಲಬದ್ಧತೆ. ಒಮ್ಮೆ ನೋವಾಗಿದೆ, ಅದಕ್ಕೆ ತಡೆಯುತ್ತಾಳೆ. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು. ಟ್ರೈನಿಂಗ್ ಸದ್ಯಕ್ಕೆ ನಿಲ್ಲಿಸಿ, ಡೈಪರ್ ಕೇಳಿದರೆ ಕೊಡಿ, ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ವಾಂತಿಯಾದರೆ ಅವತ್ತೇ ಹೋಗಿ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಲ್ಲೇ ಹೊಟ್ಟೆ ತುಂಬಿದರೆ ಸೊಪ್ಪು, ಪಪ್ಪಾಯಿ ಒಳಗೆ ಹೋಗುವುದೆಲ್ಲಿ?

ಗುಂಡಿಯ ಭಯಕ್ಕೆ ನಕ್ಕುಬಿಡಬೇಡಿ. ಆ ಪುಟ್ಟ ಕಾಲುಗಳಿಗೆ ಗುಂಡಿಯ ಆಚೀಚೆ ಕಾಲಿಡುವ ಎರಡು ಮೆಟ್ಟುಗಳ ನಡುವಿನ ಅಂತರವೇ ದೊಡ್ಡದು. ಮಲಬದ್ಧತೆ ಸರಿಹೋದ ಮೇಲೆ ಪಾಟಿಯನ್ನು ಅದೇ ಬಚ್ಚಲಲ್ಲಿಟ್ಟು ಕೂರಿಸಿ. ಬಟ್ಟಲನ್ನು ಗುಂಡಿಗೆ ಬಗ್ಗಿಸಿ ಅವಳಿಂದಲೇ ಟಾಟಾ ಹೇಳಿಸಿ. ತೊಳೆಯುವಾಗ ಯಾವತ್ತೂ ಮುಂದಿನಿಂದ ಹಿಂದಕ್ಕೆ. ಹೆಣ್ಣುಮಕ್ಕಳಲ್ಲಿ ಇದರಿಂದ ಉರಿಮೂತ್ರದ ಭಯ ಕಡಿಮೆ. ಆಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಿರಿ.

ಮತ್ತೊಬ್ಬರು: ರಾತ್ರಿ ಡೈಪರ್ ಯಾವಾಗ ಬಿಡಿಸೋದು?

ಉತ್ತರ: ಹಗಲಿನದು ಕಲಿಯುವ ವಿಷಯ, ರಾತ್ರಿಯದು ಬೆಳೆಯುವ ವಿಷಯ. ಐದು ವರ್ಷದೊಳಗೆ ಹಾಸಿಗೆ ಒದ್ದೆಯಾದರೆ ಅದು ಕಾಯಿಲೆಯಲ್ಲ. ಬೈಯಬೇಡಿ.

ಮೊದಲು ಕೇಳಿದವರು: ಡಾಕ್ಟ್ರೇ, ದಾರ ಹಿಡಿದು ಅಳೆದೆ. ಮಗನದು 21 ಸೆಂಟಿಮೀಟರ್, ಬಾತುಕೋಳಿ 24!

ಉತ್ತರ: ಸಿಕ್ಕಿತಲ್ಲ ಕಾರಣ. ಹೊಸದು ಬೇಡ. ಹಳೇ ಯೋಗಾ ಮ್ಯಾಟ್ ಒತ್ತಾಗಿ ಮಡಚಿ ಕಾಲ ಕೆಳಗೆ ಹಾಕಿ, ಜಾರದಂತೆ ನೋಡಿಕೊಳ್ಳಿ. ಬ್ಯಾಟರಿ ತೆಗೆದುಬಿಡಿ. ಮೊದಲ ವಾರ ಚಡ್ಡಿ ಹಾಕಿಕೊಂಡೇ ಕೂರಲಿ, ಪರವಾಗಿಲ್ಲ. ಪಾಟಿಯನ್ನು ಆ ಕರ್ಟನ್ ಹಿಂದೆಯೇ ಇಡಿ. ಕಾರುಗಳಿಗೆ ಬೇರೆ ಶೂ ಡಬ್ಬಿ ಕೊಡಿ.