ಸಹಾಯ ಬೇಕು: ಅಣಕು ಸಂದರ್ಶನ ನಡೆಸಿಕೊಡುವವರು

ಮಂಗಳೂರು ಹತ್ತಿರದ ಕೊಣಾಜೆ, ದೇರಳಕಟ್ಟೆ ಕಡೆಯ ಕೊನೆಯ ವರ್ಷದ ಬಿಕಾಂ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಅಣಕು ಸಂದರ್ಶನ (ಕೆಲಸದ ಸಂದರ್ಶನಕ್ಕೆ ಅಭ್ಯಾಸ) ಮಾಡಿಸಲು ನಾಲ್ವರು ಬೇಕು. ಅಕೌಂಟ್ಸ್ ಅಥವಾ ಎಚ್‌ಆರ್ ಕೆಲಸ ಗೊತ್ತಿದ್ದವರಾದರೆ ಒಳ್ಳೆಯದು.

ಒಬ್ಬರಿಗೆ 20 ನಿಮಿಷ: 12 ಪ್ರಶ್ನೆಗೆ, 8 ತಿದ್ದಲಿಕ್ಕೆ. ತಿದ್ದುವ ಹೊತ್ತನ್ನು ದಯವಿಟ್ಟು ಕಡಿಮೆ ಮಾಡಬೇಡಿ, ಮಕ್ಕಳಿಗೆ ಬೇಕಿರುವುದೇ ಅದು. ರೆಸ್ಯೂಮೆಯಲ್ಲಿ "ಟ್ಯಾಲಿ ಗೊತ್ತು" (ಟ್ಯಾಲಿ ಅಂದರೆ ಲೆಕ್ಕಪತ್ರದ ಸಾಫ್ಟ್‌ವೇರ್) ಎಂದಷ್ಟೇ ಇದ್ದರೆ ಏನೂ ಹೇಳಿದಂತಾಗುವುದಿಲ್ಲ. ಜಿಎಸ್‌ಟಿ ಬಿಲ್ ಎಂಟ್ರಿ ಹಾಕಿದ್ದೀರಾ, ಬ್ಯಾಂಕ್ ಲೆಕ್ಕ ತಾಳೆ ನೋಡಿದ್ದೀರಾ ಎಂದು ಕೇಳಿ, ಆ ಸಾಲನ್ನು ಅಲ್ಲೇ ಬದಲಿಸಿ ಬರೆಸಿ. ಎರಡು ಕಾಲಂ ಟೆಂಪ್ಲೇಟ್ ಇದ್ದರೆ ಒಂದಕ್ಕೆ ಇಳಿಸಿ; ಅರ್ಜಿ ಸೋಸುವ ಸಾಫ್ಟ್‌ವೇರ್ ಕೆಲವೊಮ್ಮೆ ಎರಡೂ ಕಡೆಯ ಸಾಲು ಬೆರೆಸಿ ಓದುತ್ತದೆ.

ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತಾಡುವವರು ಇಂಗ್ಲಿಷಿನಲ್ಲಿ ತಡವರಿಸಿದರೆ ಮೊದಲು ಕನ್ನಡದಲ್ಲಿ ಹೇಳಿಸಿ. ವಿಷಯ ಗೊತ್ತಿರುತ್ತದೆ, ಮಾತು ಸಿಕ್ಕಿರುವುದಿಲ್ಲ ಅಷ್ಟೆ.

ಬರುವವರು ಕೆಳಗೆ ತಿಳಿಸಿ.