‘ಡೀಮ್ಡ್ ಅಸೆಂಟ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ರಾಜ್ಯಪಾಲರ ಅಧಿಕಾರದ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ, ನಾಳೆ ಬೆಳಗ್ಗೆ ಕೊಡಬೇಕು. 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿ ಬಳಸಿ ತಮಿಳುನಾಡಿನ 10 ಮಸೂದೆಗಳಿಗೆ, ರಾಜ್ಯಪಾಲರ ಸಹಿ ಇಲ್ಲದೆಯೇ, ‘ಡೀಮ್ಡ್ ಅಸೆಂಟ್’ ಸಿಕ್ಕಿದೆ, ಅಂದರೆ ಅಂಕಿತ ಬಿದ್ದಂತೆಯೇ ಲೆಕ್ಕ, ಎಂದಿತಲ್ಲ, ಅದಕ್ಕೆ ಪದ ಬೇಕು. ‘ಪರಿಗಣಿತ ಅಂಕಿತ’ ಎಂದು ಬರೆದಿದ್ದೆ. ಸಂಪಾದಕರು ಕೆಂಪು ಗೆರೆ ಎಳೆದು ವಾಪಸು ಕಳಿಸಿದ್ದಾರೆ.

*

> ಪರಿಗಣಿತ ಅಂಕಿತ

ಗೆರೆ ಎಳೆದದ್ದು ಸರಿ. ರಾಜ್ಯಪಾಲರು ಕೂತು ಪರಿಗಣಿಸಿ ಕೊಟ್ಟದ್ದು ಅಂತಲೇ ಓದುಗ ತಿಳಿಯುವುದು. ಅರ್ಥ ಪೂರ್ತಿ ತಲೆಕೆಳಗು. ‘ಭಾವಿತ’ ಹಾಕಿ. ಭೂ ಧಾತುವಿನ ಪ್ರೇರಣಾರ್ಥಕ ಅದು, ‘ಆಗಿಸು’ ಎಂಬುದೇ ಮೂಲಾರ್ಥ, ‘ನೆನೆ’ ಎಂಬುದು ಆಮೇಲಿನದು. ಆಯುರ್ವೇದದವರು ಚೂರ್ಣಕ್ಕೆ ರಸ ಕುಡಿಸಿ ಅರೆಯುವುದಕ್ಕೂ ‘ಭಾವನೆ’ ಎನ್ನುತ್ತಾರೆ. ಆಗದೇ ಇದ್ದುದನ್ನು ಆಗಿಸುವುದು. ಕೋರ್ಟು ಮಾಡಿದ್ದೂ ಅದನ್ನೇ.

*

ಮತ್ತೆ ಸಂಸ್ಕೃತ! ಪಂಪನ ಕಾಲದಿಂದ ‘ಬಗೆ’ ಇದೆ. ‘ಬಗೆದ ಒಪ್ಪಿಗೆ’ ಅನ್ನಲು ಯಾಕೆ ನಾಚಿಕೆ?

*

> ಬಗೆದ ಒಪ್ಪಿಗೆ

ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆಯನ್ನೂ ಬಗೆದ. ಮಸೂದೆಗೆ ಆ ಗತಿ ಬೇಡ.

*

ಇಬ್ಬರಿಗೂ ದೊಡ್ಡ ನಮಸ್ಕಾರ. ‘ಡೀಮ್ಡ್’ ಕನ್ನಡವೇ ಆಗಿಹೋಗಿದೆ, ಒಮ್ಮೆ ಮಲೆನಾಡಿಗೆ ಬನ್ನಿ. 1996ರಲ್ಲಿ ಗೋದಾವರ್ಮನ್ ಎಂಬ ಅರಣ್ಯ ಪ್ರಕರಣದ ಆದೇಶದಲ್ಲಿ ನಿಘಂಟಿನ ಅರ್ಥಕ್ಕೆ ಕಾಡೆನಿಸಿದ್ದೆಲ್ಲ ಕಾಡೇ ಎಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಇಲ್ಲಿ ಅಡಿಕೆ ಬೆಳೆಗಾರರು ಹಗಲೂ ರಾತ್ರಿ ‘ಡೀಮ್ಡ್’ ಅಂತಲೇ ಜಗಳ ಆಡುವುದು. ‘ಡೀಮ್ಡ್ ಫಾರೆಸ್ಟ್’ಗೆ ‘ಪರಿಭಾವಿತ ಅರಣ್ಯ’ ಅಂತ ಪತ್ರಿಕೆಯಲ್ಲಿ ಬರುತ್ತದೆ, ಬಾಯಲ್ಲಿ ಬರುವುದಿಲ್ಲ. ಇಷ್ಟು ಹೊತ್ತು ನೀವೆಲ್ಲ ಬಳಸಿದ ‘ಮಸೂದೆ’ ಅರಬ್ಬಿಯಿಂದ ಬಂದದ್ದು. ಅದು ಯಾರಿಗೂ ಚುಚ್ಚಲಿಲ್ಲ.

ಅಂದಹಾಗೆ, ರಾಷ್ಟ್ರಪತಿಗಳು ಕೇಳಿದ 14 ಪ್ರಶ್ನೆಗಳಿಗೆ ಉತ್ತರವಾಗಿ 2025ರ ನವೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ಇಂಥ ಅಂಕಿತಕ್ಕೆ ಸಂವಿಧಾನದಲ್ಲಿ ಜಾಗವೇ ಇಲ್ಲ ಎಂದಿದೆ. ಇಲ್ಲದ್ದಕ್ಕೆ ಹೆಸರು ಹುಡುಕುತ್ತಿದ್ದೀರಿ.

*

ಗೊತ್ತು ಸಾರ್, ಲೇಖನದ ಎರಡನೇ ಭಾಗ ಪೂರ್ತಿ ಅದೇ. ಮೊಲದ ಕೊಂಬು ಇಲ್ಲ ಅನ್ನುವುದಕ್ಕೂ ‘ಮೊಲದ ಕೊಂಬು’ ಅನ್ನಬೇಕಲ್ಲ! ಸದ್ಯ ಒಳಗೆಲ್ಲ ‘ಅಂಕಿತ ಬಿದ್ದಿದೆಯೆಂದೇ ಭಾವಿಸತಕ್ಕದ್ದು’ ಎಂದು ಬಿಡಿಸಿ ಬರೆದಿದ್ದೇನೆ, ನಮ್ಮ ಕಾಯಿದೆಗಳ ಧಾಟಿಯಲ್ಲಿ. ತಲೆಬರಹದಲ್ಲಿ ಮಾತ್ರ ಒಂದೇ ಪದಕ್ಕೆ ಜಾಗ.

*

ಬಗೆದೊಪ್ಪಿಗೆ. ಒಂದೇ ಪದ.